ಬಳೇಪೇಟೆಗೆ ಹೋಗಲು ಒಂದು ನೆಪ ಬೇಕು

ಬೇಸಿಗೆ ರಜೆಗೆ ಬೆಂಗಳೂರಿಗೆ ಬರುವ ನೆಂಟರಿಗೆ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ಒಂದೇ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧದ ಮುಂದೆ ಒಂದು ಫೋಟೊ, ಯಾವುದಾದರೊಂದು ದೊಡ್ಡ ದೇವಸ್ಥಾನ, ಸಂಜೆಗೆ ಮಾಲ್. ಅಲ್ಲಿಗೆ ಊರು ನೋಡಿದ ಶಾಸ್ತ್ರ ಮುಗಿಯಿತು. ಈ ಊರು ಶುರುವಾದದ್ದೆಲ್ಲಿ ಎಂದು ಯಾವುದಾದರೂ ಮಗು ಕೇಳಿದರೆ ಮಾತ್ರ ಪಟ್ಟಿಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು ಪೇಟೆಯಲ್ಲಿ. ಅಲ್ಲಿಗೊಂದು ದಿನ ಕೊಡುವುದಾದರೆ ಬಳೇಪೇಟೆಯಿಂದಲೇ ಶುರುಮಾಡಿ. ಆದರೆ ಸುಮ್ಮನೆ ನೋಡಲು ಹೋಗಬೇಡಿ. ಏನಾದರೂ ಕೊಳ್ಳುವ ನೆಪ ಇರಲಿ.

ಬರೀ ನೋಡಲು ಬಂದವರ ಕಣ್ಣಿಗೆ ಬೀಳುವುದು ತಳ್ಳುಗಾಡಿ, ಹಾರ್ನಿನ ಗದ್ದಲ, ಗಂಟು ಹೊತ್ತ ಹಮಾಲಿ, ತಲೆಯ ಮೇಲೆ ತೂಗಾಡುವ ವೈರು. ಒಂದು ಡಜನ್ ಬಳೆ ಕೊಡಿ ಎಂದು ಕೇಳಿ ನೋಡಿ, ಬೇರೆಯದೇ ಲೋಕ ಬಿಚ್ಚಿಕೊಳ್ಳುತ್ತದೆ.

ನೆಂಟರು ಬಸ್ಸಿಳಿಯುವ ಮೆಜೆಸ್ಟಿಕ್ಕಿನಿಂದಲೇ ಕತೆ ಆರಂಭಿಸಬಹುದು. ಅದು ಧರ್ಮಾಂಬುಧಿ ಕೆರೆಯ ಅಂಗಳ. ಪೇಟೆಗೆ ನೀರು ಕೊಟ್ಟ ಕೆರೆ ಬತ್ತಿದ ಮೇಲೆ ಅಲ್ಲಿ ಬಸ್ ನಿಲ್ದಾಣ ಬಂತು. ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಮಾತ್ರ ಕೆರೆ ಏರಿ ಉಳಿದಿದೆ. 1537ರಲ್ಲಿ ಒಂದನೇ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಊರಿಗೆ ಗುದ್ದಲಿಪೂಜೆ ಮಾಡಿದರು. ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಬಿಟ್ಟು ಬೀದಿಗಳ ಗೆರೆ ಎಳೆಸಿದರೆಂದು ಜನ ಹೇಳುತ್ತಾರೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಒಂದನ್ನೊಂದು ಕತ್ತರಿಸುವ ಕಡೆ ಊರಿನ ನಡುಮಧ್ಯ. ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಸುತ್ತ ಕಸುಬಿಗೊಂದು ಪೇಟೆ: ಅಕ್ಕಿಪೇಟೆ, ಅರಳೇಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಹೆಸರು ಹೇಳುವ ಸರಕು ಅದೇ ಬೀದಿಯಲ್ಲಿ ಇವತ್ತಿಗೂ ಸಿಗುತ್ತದೆಂಬ ಖಾತರಿ ಎಲ್ಲ ಪೇಟೆಗಳ ಬಗ್ಗೆ ಕೊಡಲಾಗದು. ಬಳೇಪೇಟೆಯ ಬಗ್ಗೆ ಕೊಡಬಹುದು.

ಬಳೆಯಂಗಡಿಯಲ್ಲಿ ಮೊದಲು ಕೇಳುವುದು ಬಣ್ಣವನ್ನಲ್ಲ, ಸೈಜನ್ನು. 'ಎರಡು-ನಾಲ್ಕಾ, ಎರಡು-ಆರಾ?' ಇದು ಇಂಚಿನ ಲೆಕ್ಕ. ಎರಡಿಂಚಿನ ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು ಸೇರಿದರೆ ಎರಡು-ನಾಲ್ಕು, ಅಂದರೆ ಎರಡೂಕಾಲು ಇಂಚಿನ ಒಳವ್ಯಾಸ. ಎರಡು-ಎಂಟು ಎಂದರೆ ಎರಡೂವರೆ. ರೂಪಾಯಿಗೆ ಹದಿನಾರಾಣೆಯ ಕಾಲ ಕಂಡ ಅಜ್ಜಿಯರಿಗೆ ಈ ಗಣಿತ ಬಾಯಿಪಾಠ. ಒಂದು ಸೈಜಿಗೂ ಮುಂದಿನದಕ್ಕೂ ಬರೀ ಮೂರು ಮಿಲಿಮೀಟರ್ ಅಂತರ. ಅಷ್ಟರಲ್ಲೇ ಬಳೆ ಮೊಣಕೈಗೆ ಜಾರುವುದೋ ಗೆಣ್ಣಿನಲ್ಲಿ ಸಿಕ್ಕಿಕೊಳ್ಳುವುದೋ ತೀರ್ಮಾನವಾಗುತ್ತದೆ. ಅಳತೆ ಗೊತ್ತಿಲ್ಲದಿದ್ದರೆ ಕೈ ಚಾಚಿ ಸಾಕು. ಪಳಗಿದವರು ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗೆಣ್ಣುಗಳನ್ನು ಒಟ್ಟಿಗೆ ಒತ್ತಿ, ಮುಷ್ಟಿಯ ಮೆದುವನ್ನು ಬೆರಳಲ್ಲೇ ಅಂದಾಜು ಮಾಡುತ್ತಾರೆ. ಗಾಜಿನ ಬಳೆಯನ್ನು ತಳ್ಳುವುದಿಲ್ಲ, ತಿರುಗಿಸುತ್ತಾ ಏರಿಸುತ್ತಾರೆ. ನೋವಾಗುವ ಮೊದಲೇ ಬಳೆ ಮಣಿಕಟ್ಟು ಸೇರಿರುತ್ತದೆ. ಇದನ್ನು ಹತ್ತಿರದಿಂದ ನೋಡಲಿಕ್ಕಾದರೂ ನಿಮ್ಮ ಜೊತೆ ಬಳೆ ತೊಡುವ ಒಂದು ಕೈ ಇರಬೇಕು.

ಗಾಜಿನ ಬಳೆಯ ದೊಡ್ಡ ತವರು ಉತ್ತರ ಪ್ರದೇಶದ ಫಿರೋಜಾಬಾದ್. ಹರಳು ಕೂರಿಸಿದ ಅರಗಿನ ಬಳೆಗೆ ಹೈದರಾಬಾದ್ ಹೆಸರುವಾಸಿ. ಬಳೇಪೇಟೆಯ ಕೆಲಸ ಇವನ್ನೆಲ್ಲ ತರಿಸಿ, ಬಿಡಿಸಿ, ಜೋಡಿಸಿ ನಾಡಿಗೆ ಹಂಚುವುದು. ಮದುವೆಯ ಬಳೆಶಾಸ್ತ್ರಕ್ಕೆ, ಸೀಮಂತಕ್ಕೆ ಹಸಿರು ಗಾಜಿನ ಬಳೆಯೇ ಆಗಬೇಕು. ಬಳೆ ತೊಡುವುದೇ ಕಡಿಮೆಯಾಗಿದೆ ಎಂಬ ದೂರು ಅಂಗಡಿಯವರದು. ಆದರೆ ಮನೆಯಲ್ಲೊಂದು ಶುಭಕಾರ್ಯ ನಿಂತರೆ ಸಾಕು, ಜೀನ್ಸ್ ತೊಟ್ಟವರೂ ಈ ಕೌಂಟರಿನ ಮುಂದೆ ಕೈ ಚಾಚುತ್ತಾರೆ. ಅದೇ ಸಾಲಿನಲ್ಲಿ ರೇಷ್ಮೆ ಸೀರೆ ಅಂಗಡಿಗಳೂ ಇವೆ. ಅಲ್ಲಿಗೆ ಹೊಕ್ಕರೆ ಪ್ರವಾಸದ ಉಳಿದ ಭಾಗ ರದ್ದು ಎಂದೇ ತಿಳಿಯಿರಿ.

ಗಂಡಸರಿಗೂ ಮಕ್ಕಳಿಗೂ ಇಲ್ಲಿ ಬೇರೆ ನೆಪವಿದೆ: ವಾದ್ಯಗಳು. ಬಳೇಪೇಟೆ ಮುಖ್ಯರಸ್ತೆಯ ಅಂಗಡಿಗಳಲ್ಲಿ ವೀಣೆ, ಮೃದಂಗ, ತಬಲಾ, ಕೊಳಲು, ಹಾರ್ಮೋನಿಯಂ ಒತ್ತೊತ್ತಾಗಿ ಕೂತಿರುತ್ತವೆ. ರಿಪೇರಿ ನಡೆಯುತ್ತಿದ್ದರೆ ನಿಂತು ನೋಡಿ. ಹಾರ್ಮೋನಿಯಂನ ಹೊಟ್ಟೆಯೊಳಗೆ ಸ್ವರಕ್ಕೊಂದರಂತೆ ಹಿತ್ತಾಳೆಯ ತೆಳು ನಾಲಗೆಗಳಿವೆ. ನಾಲಗೆಯ ತುದಿಯನ್ನು ಒಂದಿಷ್ಟು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಮ್ಮೆ ಹೆಚ್ಚು ಕೆರೆದರೆ ಮತ್ತೆ ಅಂಟಿಸಲು ಬರುವುದಿಲ್ಲ. ಆದ್ದರಿಂದ ಒಂದು ಗೀರು, ಒಂದು ಸಲ ಊದಿಸಿ ಕೇಳುವುದು, ಮತ್ತೊಂದು ಗೀರು. ಮೃದಂಗದ ಬಲಗಡೆಯ ಕಪ್ಪು ಕರಣೆಯೂ ಹೀಗೇ ತಾಳ್ಮೆಯ ಕೆಲಸ. ಕಿಟ್ಟದ ಪುಡಿಯನ್ನು ಅನ್ನದಲ್ಲಿ ಕಲಸಿ, ಒಂದೊಂದೇ ಪದರ ಹಚ್ಚಿ, ಕಲ್ಲಿನಿಂದ ತಿಕ್ಕಿ ತಿಕ್ಕಿ ನಾದಕ್ಕೆ ತರಬೇಕು.

ಹಾರ್ಮೋನಿಯಂಗೆ ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಬಾಗಿಲು ಹಾಕಿತ್ತು; ನಮ್ಮ ಸಂಗೀತದ ಗಮಕಗಳು ಅದರಲ್ಲಿ ನುಡಿಯವು ಎಂಬುದು ಆಕ್ಷೇಪ. ನಮ್ಮ ಹಳ್ಳಿಗಳು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಮಂಡ್ಯ, ತುಮಕೂರು ಸೀಮೆಯಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕ ಕಟ್ಟುವವರು ಹಾರ್ಮೋನಿಯಂ ಮೇಷ್ಟರಿಲ್ಲದೆ ತಾಲೀಮನ್ನೇ ಆರಂಭಿಸುವುದಿಲ್ಲ. ವಿದ್ವಾಂಸರ ತೀರ್ಪಿಗಿಂತ ಆ ನಾಟಕಗಳ ಭೀಮ ದುರ್ಯೋಧನರೇ ಈ ಪೆಟ್ಟಿಗೆಯನ್ನು ಬದುಕಿಸಿದರೆಂದು ನನ್ನ ನಂಬಿಕೆ.

ಹೊಟ್ಟೆ ಹಸಿದರೆ ಬಳೇಪೇಟೆಯಲ್ಲೇ ಉಡುಪಿ ಶ್ರೀಕೃಷ್ಣ ಭವನವಿದೆ. ಅಲ್ಲಿನ ಸಾಗು ಮಸಾಲೆ ದೋಸೆಗೆ ಹಳಬರ ದೊಡ್ಡ ಅಭಿಮಾನಿ ಬಳಗವೇ ಇದೆ. ಮಧ್ಯಾಹ್ನದ ಮೇಲೆ ರಂಗಸ್ವಾಮಿ ದೇವಸ್ಥಾನದ ಬೀದಿಗೆ ಹೊರಳಿ, ಅಂಗಡಿಗಳ ನಡುವೆ ಅವಿತಂತಿರುವ ಗುಡಿಗೆ ಕೈಮುಗಿದು, ಚಿಕ್ಕಪೇಟೆ ದಾಟಿ ದಕ್ಷಿಣಕ್ಕೆ ನಡೆದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಹೂವಿನ ರಾಶಿ ನೋಡಿಕೊಂಡು ಮುಂದೆ ಹೋದರೆ ಕೋಟೆ ವೆಂಕಟರಮಣ ದೇವಸ್ಥಾನ, ಅದರ ಪಕ್ಕದಲ್ಲೇ ಹೈದರಾಲಿ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಮರದ ಅರಮನೆ. ಮುಗಿಸಿದ ವರ್ಷವೇ, ಮಾರ್ಚ್‌ನಲ್ಲಿ, ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಮೊದಲು ಈ ಪೇಟೆಯನ್ನೂ ಎರಡು ವಾರದ ಮೇಲೆ ಕೋಟೆಯನ್ನೂ ಹಿಡಿಯಿತು. ಕೋಟೆಯಲ್ಲಿ ಇಂದು ಉಳಿದದ್ದು ಒಂದು ದ್ವಾರ, ಅದರ ಸುತ್ತಿನ ಅಷ್ಟಿಷ್ಟು ಗೋಡೆ. ಪೇಟೆ ಮಾತ್ರ ಇನ್ನೂ ಬಾಗಿಲು ತೆಗೆದು ವ್ಯಾಪಾರ ಮಾಡುತ್ತಿದೆ. ನಿಮ್ಮ ರಜೆ ಚೈತ್ರದ ಹುಣ್ಣಿಮೆಗೆ ಕೂಡಿಬಂದರೆ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗಕ್ಕಾಗಿ ರಾತ್ರಿಯೂ ಇಲ್ಲೇ ಉಳಿಯಿರಿ.

ಇತ್ತೀಚೆಗೆ ಪಾರಂಪರಿಕ ನಡಿಗೆಗಳ ಹೆಸರಿನಲ್ಲಿ ಗುಂಪುಗಳು ಬೆಳಗಿನ ಹೊತ್ತು ಇಲ್ಲಿ ಸುತ್ತುವುದುಂಟು. ಜನ ಕಡಿಮೆ, ಹಳೆಯ ಬಾಲ್ಕನಿಗಳ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ಷಟರ್ ಎಳೆದ ಬಳೇಪೇಟೆಯಲ್ಲಿ ಕಾಣುವುದು ಗೋಡೆ ಮಾತ್ರ.

 ಭಾನುವಾರ ಮಾತ್ರ ಹೊರಡಬೇಡಿ, ಬಹುಪಾಲು ಅಂಗಡಿಗಳಿಗೆ ಬೀಗ ಬಿದ್ದಿರುತ್ತದೆ. ವಾರದ ದಿನ ಹನ್ನೊಂದರ ಹೊತ್ತಿಗೆ ಹೋಗಿ. ಕಾರು ಮನೆಯಲ್ಲಿರಲಿ, ಮೆಟ್ರೊದ ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟರೆ ಮೆಜೆಸ್ಟಿಕ್ ಆದ ಮೇಲಿನ ನಿಲ್ದಾಣವೇ ಚಿಕ್ಕಪೇಟೆ. ಊರಲ್ಲಿರುವ ಅಕ್ಕತಂಗಿಯರಿಗೆ ಬಳೆ ತರುವುದಾದರೆ ಅವರ ಸೈಜು ಫೋನಿನಲ್ಲೇ ಕೇಳಿಟ್ಟುಕೊಳ್ಳಿ.