ಮಳೆಯತ್ತ ಸಾಗಿದ ದೋಣಿ

1971ರ ಜನವರಿಯಲ್ಲಿ ಡೂಗಲ್ ರಾಬರ್ಟ್‌ಸನ್ ಎಂಬಾತನು ತನ್ನ ಪತ್ನಿ ಮಕ್ಕಳೊಡನೆ ‘ಲೂಸೆಟ್’ ಎಂಬ ಹಾಯಿಹಡಗಿನಲ್ಲಿ ಇಂಗ್ಲೆಂಡಿನಿಂದ ಸಾಗರಯಾನಕ್ಕೆ ಹೊರಟನು. ಮೊದಲು ನಾವಿಕನಾಗಿದ್ದು, ಅನಂತರ ಆತನು ಕೃಷಿಕನಾಗಿದ್ದನು. 1972ರ ಜೂನ್ 15ರಂದು, ಪೆಸಿಫಿಕ್ ಸಾಗರದಲ್ಲಿ ಗಲಾಪಗೋಸ್ ದ್ವೀಪಗಳನ್ನು ದಾಟಿ ದೂರದ ಮಾರ್ಕೇಸಸ್ ದ್ವೀಪಗಳತ್ತ ಸಾಗುತ್ತಿದ್ದಾಗ, ಕೊಲೆಗಾರ ತಿಮಿಂಗಿಲಗಳು ಹಡಗಿನ ತಳವನ್ನು ಒಡೆದವು. ಹಡಗು ಕ್ಷಣಮಾತ್ರದಲ್ಲಿ ಮುಳುಗಿತು. ದಂಪತಿಗಳು, ಮೂವರು ಪುತ್ರರು, ಒಬ್ಬ ತರುಣ ಸಹಯಾತ್ರಿಕ—ಈ ಆರು ಜನರಿಗೆ ಉಳಿದುದು ರಬ್ಬರಿನ ತೆಪ್ಪ ಮತ್ತು ಪುಟ್ಟ ದೋಣಿ ಮಾತ್ರ.

ಕಡಲಿನ ನೀರು ದಾಹವನ್ನು ತಣಿಸಲಾರದು. ಅದರ ಉಪ್ಪನ್ನು ಹೊರಹಾಕಲು ದೇಹವು ಕುಡಿದುದಕ್ಕಿಂತಲೂ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ಗಾಳಿಗೆ ಎದುರಾಗಿ ಗಲಾಪಗೋಸಿಗೆ ಹಿಂದಿರುಗುವುದೂ ಅಸಾಧ್ಯವಾಗಿತ್ತು. ಭೂಮಧ್ಯರೇಖೆಯ ಉತ್ತರಕ್ಕೆ, ವಾಣಿಜ್ಯ ಮಾರುತಗಳು ಸಂಧಿಸುವ ವಲಯದಲ್ಲಿ ಮಳೆ ಹೇರಳವೆಂಬುದನ್ನು ರಾಬರ್ಟ್‌ಸನ್ ಬಲ್ಲವನಾಗಿದ್ದನು. ಆದುದರಿಂದ ಆತನು ಉತ್ತರದ ದಿಕ್ಕನ್ನೇ ಹಿಡಿದನು.

ಅವರು ಮಳೆನೀರನ್ನು ಸಂಗ್ರಹಿಸಿದರು. ಅದು ಸಾಲದಾದಾಗ ಕಡಲಾಮೆಗಳ ರಕ್ತವನ್ನೂ ಕುಡಿದರು. 17 ದಿನಗಳಲ್ಲಿ ತೆಪ್ಪವು ಹಾಳಾಯಿತು. ಬಳಿಕ ಆರು ಮಂದಿಗೂ ಆ ಪುಟ್ಟ ದೋಣಿಯೇ ಆಸರೆಯಾಯಿತು. ಒಬ್ಬರು ಅಲುಗಿದರೂ ಅದು ಮಗುಚುವ ಭಯವಿತ್ತು. 38ನೆಯ ದಿನ ಜಪಾನಿನ ಮೀನುಗಾರರ ಹಡಗೊಂದು ಅವರೆಲ್ಲರನ್ನೂ ರಕ್ಷಿಸಿತು.

ಧೈರ್ಯವು ಅವರನ್ನು ಕುಗ್ಗದಂತೆ ಕಾಯ್ದಿತು; ಯಾವ ದಿಕ್ಕಿಗೆ ಸಾಗಬೇಕೆಂಬುದನ್ನು ತೋರಿಸಿದುದು ತಿಳಿವಳಿಕೆ.