ಮುಂದಿನ ಸಾಲು ಯಾರದು?

ಹಣವಿದ್ದವರು ಆಳುವುದು, ಇಲ್ಲದವರು ಕೈಕಟ್ಟಿ ನಿಲ್ಲುವುದು ಇಂದು ನಿನ್ನೆಯ ಕಥೆಯಲ್ಲ. ನಮ್ಮ ಧರ್ಮಸಭೆ ಮೊದಲ ಹೆಜ್ಜೆಗಳನ್ನಿಟ್ಟ ರೋಮ್ ಸಾಮ್ರಾಜ್ಯದ ಚರಿತ್ರೆಯನ್ನು ಓದಿದರೆ ಇದು ಹೇಗೆ ನಡೆಯಿತೆಂಬುದು ನಮಗೆ ಸ್ಪಷ್ಟವಾಗುತ್ತದೆ.

ಚಕ್ರವರ್ತಿಗಳು ಬರುವ ಮೊದಲು ರೋಮ್ ಗಣರಾಜ್ಯವಾಗಿತ್ತು. ಪ್ರಜೆಗಳಿಗೆ ಮತದ ಹಕ್ಕಿತ್ತು. ಆದರೆ ಕಾನ್ಸಲ್ ಎಂಬ ಉನ್ನತ ಅಧಿಕಾರಿಗಳನ್ನು ಆರಿಸುವ ಸಭೆಯಲ್ಲಿ ಜನರನ್ನು ಆಸ್ತಿಗೆ ತಕ್ಕಂತೆ 193 ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿಗೆ ಒಂದೇ ಮತ. ಪುರಾತನ ಇತಿಹಾಸಕಾರರ ಲೆಕ್ಕದಂತೆ ಕುದುರೆ ಸವಾರ ವರ್ಗದ 18 ಗುಂಪುಗಳೂ ಮೊದಲ ದರ್ಜೆಯ ಸಿರಿವಂತರ 80 ಗುಂಪುಗಳೂ ಸೇರಿ 98. ಇವರೆಲ್ಲ ಒಂದಾದರೆ ಅಲ್ಲಿಗೇ ಬಹುಮತ, ಮತದಾನವೂ ಮುಗಿಯಿತು. ಆಸ್ತಿಯಿಲ್ಲದವರು ಎಷ್ಟೇ ಸಾವಿರ ಮಂದಿಯಿದ್ದರೂ ಅವರಿಗೆ ಒಂದೇ ಗುಂಪು; ಅವರ ಸರದಿ ಬರುವುದೇ ಅಪರೂಪ. ಮುಂದೆ ಈ ಏರ್ಪಾಡಿನಲ್ಲಿ ತಿದ್ದುಪಡಿಗಳಾದರೂ ಉಳ್ಳವರ ಮೇಲುಗೈ ತಪ್ಪಲಿಲ್ಲ. ಅಧಿಕಾರಸ್ಥಾನಗಳಿಗೆ ಸಂಬಳವಿರಲಿಲ್ಲವಾದ್ದರಿಂದ ದುಡಿದು ಉಣ್ಣುವವನು ಆ ಕಡೆ ತಲೆಹಾಕುವಂತಿರಲಿಲ್ಲ.

ಯೇಸುಸ್ವಾಮಿ ಹುಟ್ಟಿದಾಗ ಆಳುತ್ತಿದ್ದ ಅಗಸ್ಟಸ್ ಚಕ್ರವರ್ತಿ, ಸೆನೆಟಿನ ಸದಸ್ಯನಾಗಲು 10 ಲಕ್ಷ ಸೆಸ್ಟರ್ಸ್ ಬೆಲೆಯ ಆಸ್ತಿ ಇರಬೇಕೆಂದು ವಿಧಿಸಿದ. ಆಗ ಸಾಮಾನ್ಯ ಸೈನಿಕನ ವಾರ್ಷಿಕ ಸಂಬಳ 900 ಸೆಸ್ಟರ್ಸ್. ಕಾಸೂ ಖರ್ಚು ಮಾಡದೆ ಕೂಡಿಟ್ಟರೂ ಅವನಿಗೆ 1,100 ವರ್ಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು!

ಈ ಮೇಲು ಕೀಳು ನಾಟಕಶಾಲೆಯಲ್ಲಿಯೂ ಕಾಣುತ್ತಿತ್ತು. ಸೆನೆಟಿನವರು ಎಲ್ಲರಿಗಿಂತ ಮುಂದೆ. ಅವರ ಹಿಂದಿನ 14 ಸಾಲುಗಳನ್ನು ಕ್ರಿ.ಪೂ. 67ರ ಕಾನೂನು ಕುದುರೆ ಸವಾರ ವರ್ಗಕ್ಕೆ ಮೀಸಲಿಟ್ಟಿತು. ಆ ವರ್ಗದವರ ಗುರುತು ಚಿನ್ನದ ಉಂಗುರ. ಬಡವರು ಬೆಳಗಾಗುತ್ತಲೇ ಧಣಿಗಳ ಬಾಗಿಲಿಗೆ ಹೋಗಿ ನಮಸ್ಕರಿಸಿ, ಕೊಟ್ಟದ್ದನ್ನು ಪಡೆದು ಅವರ ಹಿಂದೆ ನಡೆಯಬೇಕಿತ್ತು.

ಈಗ ಸಂತ ಯಕೋಬನ ಪತ್ರದ ಎರಡನೆಯ ಅಧ್ಯಾಯವನ್ನು ತೆರೆಯೋಣ. ಅಲ್ಲಿಯೂ ಚಿನ್ನದ ಉಂಗುರ ತೊಟ್ಟವನೊಬ್ಬ ಭಕ್ತರ ಸಭೆಗೆ ಬರುತ್ತಾನೆ. ಅವನಿಗೆ ಒಳ್ಳೆಯ ಆಸನ. ಕೊಳಕು ಬಟ್ಟೆಯ ಬಡವನಿಗೆ ನಿಲ್ಲುವ ಅಪ್ಪಣೆ, ಇಲ್ಲವೇ ಕಾಲ ಬಳಿ ಜಾಗ. ಯಕೋಬನು ಇದನ್ನು ಖಂಡಿಸುತ್ತಾನೆ. ಕೊರಿಂಥದಲ್ಲಿ ಪ್ರಭುವಿನ ಭೋಜನಕ್ಕೆ ಕೂಡಿದಾಗಲೂ ಇದ್ದವರು ಮೊದಲೇ ಉಂಡು ತೃಪ್ತರಾದರು, ಇಲ್ಲದವರು ಹಸಿದು ಉಳಿದರು. ಹೀಗೆ ಮಾಡಿ ನೀವು ದೇವರ ಸಭೆಯನ್ನೇ ತಿರಸ್ಕರಿಸುತ್ತೀರಿ ಎಂಬುದು ಸಂತ ಪೌಲನ ಆಕ್ಷೇಪ. ರೋಮಿನ ಸಾಲುಗಳು ಆಗಲೇ ದೇವರ ಮನೆಯೊಳಗೆ ಬಂದಿದ್ದವು.

ನಮ್ಮ ಧರ್ಮಕೇಂದ್ರಗಳಲ್ಲಿ ಅವು ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ? ದಾನಿಗಳ ಔದಾರ್ಯಕ್ಕೆ ನಾವು ಋಣಿಗಳು. ಅದು ದೇವರ ಕಾರ್ಯಕ್ಕೆ ಒದಗುತ್ತದೆ. ಆದರೆ ಕೊಟ್ಟ ಕಾಣಿಕೆ ಮಾತಿನ ತೂಕವನ್ನು ಅಳೆಯುವ ತಕ್ಕಡಿಯಾಗಬಾರದು. ಪಾಲನಾ ಸಮಿತಿಯ ಸಭೆಯಲ್ಲಿ ಕೂಲಿಗೆ ಹೋಗುವ ತಾಯಿಯೊಬ್ಬಳು ಏನನ್ನಾದರೂ ಹೇಳಲು ಎದ್ದರೆ, ನಮ್ಮಲ್ಲಿ ಎಷ್ಟು ಮಂದಿ ಕಿವಿಗೊಡುತ್ತೇವೆ? ಬಡವನ ಮನೆಯ ಸಾವಿಗೂ ಸಿರಿವಂತನ ಮನೆಯ ಸಾವಿಗೂ ನಾವು ಸೇರುವುದು ಒಂದೇ ಸಂಖ್ಯೆಯಲ್ಲೇ?

ರೋಮಿನಲ್ಲಿ ಬಡವನ ಸರದಿ ಬರುವ ಮೊದಲೇ ಎಣಿಕೆ ಮುಗಿಯುತ್ತಿತ್ತು. ಪರಮಪ್ರಸಾದದ ಮುಂದೆ ಮಾತ್ರ ಧಣಿಗೂ ಆಳಿಗೂ ಸಿಗುವುದು ಒಂದೇ ರೊಟ್ಟಿ. ನಮ್ಮ ಮುಂದಿನ ಸಭೆಯಲ್ಲಿ, ಈವರೆಗೆ ಬಾಯಿ ತೆರೆಯದೆ ಹಿಂದಿನ ಬೆಂಚಿನಲ್ಲಿ ಕುಳಿತವರನ್ನು ಮೊದಲು ಮಾತಾಡಲು ಕರೆಯೋಣ.