ಭಾವಚಿತ್ರದ ಬೆನ್ನಿಗೆ ಬರೆಯದ ಹೆಸರು

ಯಲಹಂಕದ ಹಳೆಯ ಊರಿನಲ್ಲಿ ಹೆಂಚಿನ ಮನೆ ಕೆಡವಿ ಮಹಡಿ ಮನೆ ಕಟ್ಟಿಸುವವರು ಮೊದಲು ಅಟ್ಟ ಖಾಲಿ ಮಾಡುತ್ತಾರೆ. ತಾಮ್ರದ ಹಂಡೆ ಉಳಿದುಕೊಳ್ಳುತ್ತದೆ. ಟ್ರಂಕಿನಲ್ಲಿದ್ದ ಕಾಗದಗಳು ಹಳೇ ಪೇಪರಿನವನ ತಕ್ಕಡಿ ಏರುತ್ತವೆ. ನಡುವೆ ಕೋಟು, ಪೇಟ ತೊಟ್ಟು ಕುರ್ಚಿಯಲ್ಲಿ ಕುಳಿತ ಹಿರಿಯರೊಬ್ಬರ ಭಾವಚಿತ್ರ ಸಿಕ್ಕರೆ ‘ಇವರು ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಶಾನುಭೋಗರೋ, ಮೇಷ್ಟರೋ, ವಕೀಲರೋ? ಹೇಳಬಲ್ಲವರು ಅಷ್ಟರಲ್ಲಿ ತೀರಿಕೊಂಡಿರುತ್ತಾರೆ.

ಇದು ಇಲ್ಲಿನ ಕಷ್ಟ ಮಾತ್ರವಲ್ಲ. ಅಮೆರಿಕದ ಗ್ರಂಥಾಲಯಗಳಲ್ಲೂ 19ನೇ ಶತಮಾನದ ವೈದ್ಯರು, ವಕೀಲರು, ಎಂಜಿನಿಯರುಗಳ ಪತ್ರ ಮತ್ತು ಭಾವಚಿತ್ರಗಳು ರಾಶಿ ಬಿದ್ದಿವೆ. 1854ರಲ್ಲಿ ಪ್ಯಾರಿಸ್‌ನ ಡಿಸ್ಡೆರಿ ಎಂಬ ಛಾಯಾಗ್ರಾಹಕ ಅಂಗೈಯಗಲದ ರಟ್ಟಿನ ಚಿತ್ರಗಳಿಗೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಭಾವಚಿತ್ರ ಅಗ್ಗವಾಯಿತು. ಅಮೆರಿಕದಲ್ಲಿ ಅಂತರ್ಯುದ್ಧದ ಖರ್ಚಿಗೆಂದು 1864ರಿಂದ 1866ರವರೆಗೆ ಫೋಟೋಗಳ ಮೇಲೂ ತೆರಿಗೆ ಇತ್ತು. ಚಿತ್ರದ ಬೆನ್ನಿಗೆ ತೆರಿಗೆಯ ಸ್ಟಾಂಪು ಅಂಟಿದ್ದರೆ ಅದು ಯಾವ ಕಾಲದ್ದೆಂದು ತಜ್ಞರು ಕೂಡಲೇ ಹೇಳುತ್ತಾರೆ. ಸ್ಟುಡಿಯೋದ ಮೊಹರು ಊರನ್ನು ತಿಳಿಸುತ್ತದೆ. ಆದರೆ ಕುಳಿತವರ ಹೆಸರನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಉಂಟು.

ಪತ್ರಗಳದ್ದು ಬೇರೆ ತೊಡಕು. ಬರೆದ ಪತ್ರ ಬರೆದವರ ಬಳಿ ಉಳಿಯುವುದಿಲ್ಲ, ಅಂಚೆಯಲ್ಲಿ ಹೋಗಿಬಿಡುತ್ತದೆ. ಆದ್ದರಿಂದ ಒಬ್ಬರ ಮನೆಯಲ್ಲಿ ಸಿಗುವುದು ಹೆಚ್ಚಾಗಿ ಅವರಿಗೆ ಬಂದ ಪತ್ರಗಳು. ಅಂದರೆ ಸಂಭಾಷಣೆಯ ಅರ್ಧ ಭಾಗ. ಕಚೇರಿಗಳು ಒತ್ತುಯಂತ್ರದಲ್ಲಿ ನಕಲು ತೆಗೆದು ಪುಸ್ತಕವಾಗಿ ಇಟ್ಟುಕೊಂಡಲ್ಲಿ ಮಾತ್ರ ಇನ್ನರ್ಧ ದೊರೆಯುತ್ತದೆ.

ಕರ್ನಾಟಕಕ್ಕೆ ಸಂಬಂಧಿಸಿದ ಇಂಥ ದೊಡ್ಡ ಸಂಗ್ರಹವೊಂದು ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಬಂದವರೆಲ್ಲ ಬರೀ ಬೋಧಕರಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್, ಖಾಕಿ ಬಟ್ಟೆಯೊಡನೆ ಹೆಸರು ಕೂಡಿಕೊಂಡಿರುವ ನೇಕಾರ ಹಾಲರ್, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಪ್ಲೆಬ್‌ಸ್ಟ್, 1894ರಲ್ಲಿ ನಿಘಂಟು ಹೊರತಂದ ಫರ್ಡಿನಾಂಡ್ ಕಿಟೆಲ್ ಇವರೆಲ್ಲ ಆ ಸಾಲಿನವರು. ಸೇರಬಯಸಿದವನು ಮೊದಲು ತನ್ನ ಜೀವನ ವೃತ್ತಾಂತ ಬರೆದುಕೊಡಬೇಕಿತ್ತು. ಕೆಲಸಕ್ಕೆ ಬಂದ ಮೇಲೆ ನಿಯಮಿತವಾಗಿ ವರದಿ ಕಳಿಸಬೇಕಿತ್ತು. ಹೀಗೆ ಒಬ್ಬೊಬ್ಬರ ಹೆಸರಿನಲ್ಲೂ ಕಡತ ಬೆಳೆಯಿತು, ಜೊತೆಗೆ ಭಾವಚಿತ್ರಗಳೂ ಸೇರಿದವು. ಮಿಷನ್ ಕೆಲಸ ಮಾಡಿದ ಹಲವು ದೇಶಗಳ 28,000ಕ್ಕೂ ಹೆಚ್ಚು ಚಿತ್ರಗಳು ಈಗ ಅಂತರಜಾಲದಲ್ಲಿ ನೋಡಲು ಸಿಗುತ್ತವೆ.

ಪತ್ರಗಳನ್ನು ಓದುವುದು ಅಷ್ಟು ಸುಲಭವಲ್ಲ. ಅವುಗಳಲ್ಲಿ ಬಹುಪಾಲು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ನಮ್ಮ ಮೋಡಿ ಲಿಪಿಯ ಕಡತಗಳಂತೆ ಅದನ್ನೂ ಕಲಿತವರಷ್ಟೇ ಓದಬಲ್ಲರು. ಕರಾವಳಿಯ, ಕೊಡಗಿನ, ಧಾರವಾಡದ ಒಂದೂವರೆ ಶತಮಾನದ ಹಿಂದಿನ ಬದುಕು ಹೀಗೆ ಕನ್ನಡಿಗರಿಗೇ ಓದಲಾಗದ ಅಕ್ಷರದಲ್ಲಿ ಉಳಿದಿದೆ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಯಾರಿಗೆ ಕಡತ, ಯಾರಿಗೆ ಇಲ್ಲ? ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು, ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿದರು, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಮಿಷನರಿಗಳ ಪಟ್ಟಿಯಲ್ಲಿ ಹೆಸರು ಸೇರಿದ್ದರಿಂದ ಅವರಿಗೂ ಅಲ್ಲೊಂದು ಸ್ಥಾನ ದೊರೆಯಿತು. ಆದರೆ ಮಗ್ಗದಲ್ಲಿ ಕೂತವರು, ಅಚ್ಚಿನ ಮೊಳೆ ಜೋಡಿಸಿದವರು, ಹೆಂಚಿಗೆ ಮಣ್ಣು ತುಳಿದವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಗಡ್ಡಧಾರಿ ಕಿಟೆಲರ ಚಿತ್ರ ಶಾಲಾ ಮಕ್ಕಳಿಗೂ ಗೊತ್ತು. ಅವರಿಗೆ ಪದಗಳ ಅರ್ಥ ಬಿಡಿಸಿ ಹೇಳಿದ ಪಂಡಿತರ ಮುಖವನ್ನು ಎಷ್ಟು ಜನ ಕಂಡಿದ್ದಾರೆ? ಅಂಥವರನ್ನು ಬೇರೆಯವರ ಪತ್ರಗಳ ನಡುವಿನ ಒಂದೆರಡು ಸಾಲುಗಳಲ್ಲಿ, ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ಹುಡುಕಬೇಕು. ಪತ್ರಾಗಾರ ಸುಳ್ಳು ಹೇಳುತ್ತದೆಂದಲ್ಲ. ಬರೆದವರ, ಫೋಟೋಕ್ಕೆ ಹಣ ತೆತ್ತವರ ಪರವಾಗಿ ಅದು ಹೆಚ್ಚು ಮಾತನಾಡುತ್ತದೆ.

ಈ ಕೊರತೆ ಮುಂದಿನ ಕಾಲಕ್ಕೂ ಉಳಿಯಬಾರದೆಂಬ ಎಚ್ಚರ ಈಚೆಗೆ ಮೂಡಿದೆ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲೇ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ಪತ್ರಾಗಾರವೊಂದು ತೆರೆಯಿತು. ವಿಜ್ಞಾನಿಗಳ ಪತ್ರ, ಟಿಪ್ಪಣಿ ಪುಸ್ತಕ, ಛಾಯಾಚಿತ್ರಗಳನ್ನು ಅಲ್ಲಿ ಕಾಪಿಡಲಾಗುತ್ತಿದೆ.

ಎಲ್ಲರ ಮನೆಯ ಟ್ರಂಕೂ ಪತ್ರಾಗಾರ ಸೇರಲಾರದು, ಸೇರಬೇಕಾಗಿಯೂ ಇಲ್ಲ. ಮನೆಯಲ್ಲಿ ಮಾಡಬಹುದಾದ ಕೆಲಸ ಸಣ್ಣದು. ಫೋಟೋದ ಹಿಂಬದಿಯ ಅಂಚಿನಲ್ಲಿ, ಶಾಯಿಯಲ್ಲಲ್ಲ, ಮೆದು ಪೆನ್ಸಿಲಿನಲ್ಲಿ ಹಗುರವಾಗಿ ಹೆಸರು, ಊರು, ಇಸವಿ, ಮಾಡುತ್ತಿದ್ದ ಕೆಲಸ ಬರೆದಿಡುವುದು. ಪತ್ರವನ್ನು ಅದರ ಲಕೋಟೆಯಿಂದ ಬೇರ್ಪಡಿಸದಿರುವುದು, ಏಕೆಂದರೆ ಅಂಚೆಯ ಮುದ್ರೆಯಲ್ಲಿ ಊರು, ತಾರೀಖು ಇರುತ್ತವೆ. ಮನೆಯ ಅಜ್ಜಿಗೆ ಇನ್ನೂ ಗುರುತು ಹಿಡಿಯುವಷ್ಟು ಕಣ್ಣಿದ್ದರೆ ಈ ಕೆಲಸಕ್ಕೆ ಈ ಭಾನುವಾರವೇ ಒಳ್ಳೆಯ ದಿನ.